ಏರಿನಲ್ಲಿ ಗುಂಪು ಬಿಟ್ಟು ಹೋಗಲೇ? ಗುಡ್ಡಗಾಡಿನ ಹ್ಯಾಂಡಿಕ್ಯಾಪ್ ಸೈಕಲ್ ರೇಸಿಗೆ ಹೊರಟವರಿಗೊಂದು ಉತ್ತರ

ಪ್ರಶ್ನೆ: ನಾನು ಬೆಂಗಳೂರಿನವನು, ಈಗ ಮೆಲ್ಬರ್ನ್‌ನಲ್ಲಿದ್ದೇನೆ. ವಯಸ್ಸು 38, ತೂಕ 70 ಕೆ.ಜಿ. ಒಂದು ಗಂಟೆ ಎಡೆಬಿಡದೆ ತುಳಿದರೆ 210 ವ್ಯಾಟ್ ಬರುತ್ತದೆ. ಇಲ್ಲಿನ ಸೈಕಲ್ ಕ್ಲಬ್ಬಿನಲ್ಲಿ ನಿಧಾನದವರ ಡಿ ಗ್ರೇಡಿನಲ್ಲಿದ್ದೇನೆ. ಮುಂದಿನ ತಿಂಗಳು ಮೊದಲ ಬಾರಿಗೆ ಹ್ಯಾಂಡಿಕ್ಯಾಪ್ ರೇಸಿಗೆ ಹೆಸರು ಕೊಟ್ಟಿದ್ದೇನೆ. ಒಟ್ಟು 60 ಕಿ.ಮೀ. ಮೊದಲ 30 ಸಣ್ಣಪುಟ್ಟ ಏರಿಳಿತ, ನಂತರ 6 ಕಿ.ಮೀ. ದೊಡ್ಡ ಏರು, 3 ಕಿ.ಮೀ. ಇಳಿಜಾರು, ಆಮೇಲೆ 20 ಕಿ.ಮೀ. ಹೆಚ್ಚುಕಡಿಮೆ ಸಮತಟ್ಟು, ಕೊನೆಯ ಒಂದು ಕಿ.ಮೀ. ಮತ್ತೆ ಏರು. ನಮಗಿಂತ ಮೊದಲು ಹೊರಡುವ ಗುಂಪಿಗೆ 28 ನಿಮಿಷ, ನಮ್ಮ ಐದು ಜನರಿಗೆ 22 ನಿಮಿಷ ಕೊಟ್ಟಿದ್ದಾರೆ. ನಂದಿ ಬೆಟ್ಟ ಹತ್ತಿ ಪಳಗಿದವನು ನಾನು, ಏರು ನನಗೆ ಹೆದರಿಕೆಯಲ್ಲ. ಗುಂಪಿನ ಉಳಿದವರು ಏರಿನಲ್ಲಿ ನನಗಿಂತ ನಿಧಾನ. ಅಲ್ಲೇ ಅವರನ್ನು ಬಿಟ್ಟು ಒಬ್ಬನೇ ಹೋದರೆ ಗೆಲ್ಲಬಹುದೇ? ಹಿಂದಿನಿಂದ ಬಲಶಾಲಿಗಳು ಬಂದು ಹಿಡಿದಾಗ ಏನು ಮಾಡಬೇಕು?

ಉತ್ತರ: ಒಬ್ಬರೇ ಹೋಗಬೇಡಿ. ಹಾಗಂತ ಐವರನ್ನೂ ಕಟ್ಟಿಕೊಂಡು ಬೆಟ್ಟ ಹತ್ತಿ ಎಂದೂ ಹೇಳುವುದಿಲ್ಲ. ನಿಮ್ಮ ಪ್ರಶ್ನೆಗೆ ಸರಿಯಾದ ಉತ್ತರ ಇವೆರಡರ ನಡುವೆ ಎಲ್ಲೋ ಇದೆ. ಎಲ್ಲಿದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡೋಣ, ಏಕೆಂದರೆ ಈ ವಿಷಯದಲ್ಲಿ ಅನಿಸಿಕೆಗಳು ಬಹಳ ಮೋಸ ಮಾಡುತ್ತವೆ.

ಹ್ಯಾಂಡಿಕ್ಯಾಪ್ ಗೊತ್ತಿಲ್ಲದ ಓದುಗರಿಗಾಗಿ ಎರಡು ಮಾತು. ಎಲ್ಲರೂ ಒಟ್ಟಿಗೆ ಹೊರಡುವ ರೇಸಲ್ಲ ಇದು. ಎಲ್ಲರಿಗಿಂತ ನಿಧಾನದವರು ಮೊದಲು ಹೊರಡುತ್ತಾರೆ, ಅವರನ್ನು ಲಿಮಿಟ್ ಎನ್ನುತ್ತಾರೆ. ಕೆಲವು ನಿಮಿಷ ಬಿಟ್ಟು ಮುಂದಿನ ಗುಂಪು, ಮತ್ತೆ ಕೆಲವು ನಿಮಿಷಕ್ಕೆ ಇನ್ನೊಂದು. ಕಟ್ಟಕಡೆಗೆ ಹೊರಡುವ ಘಟಾನುಘಟಿಗಳು ಸ್ಕ್ರ್ಯಾಚ್. ಸ್ಕ್ರ್ಯಾಚ್‌ಗಿಂತ ಯಾರು ಎಷ್ಟು ನಿಮಿಷ ಮೊದಲು ಹೊರಡಬೇಕು ಎಂದು ತೀರ್ಮಾನಿಸುವವರು ಕ್ಲಬ್ಬಿನ ಹ್ಯಾಂಡಿಕ್ಯಾಪರ್. ಅವರ ಲೆಕ್ಕ ಕರಾರುವಾಕ್ಕಾಗಿದ್ದರೆ ಕೊನೆಯ ಕಿಲೋಮೀಟರಿನಲ್ಲಿ ಎಲ್ಲ ಗುಂಪುಗಳೂ ಒಂದಾಗಬೇಕು. ಹಾಗೆ ಆಗುವುದು ಅಪರೂಪ, ರೇಸಿನ ಮಜಾ ಇರುವುದೂ ಅಲ್ಲೇ. ಮೊದಲು ಗೆರೆ ದಾಟಿದವರಿಗೆ ಗೆಲುವು, ಎಲ್ಲರಿಗಿಂತ ಕಡಿಮೆ ಹೊತ್ತು ತೆಗೆದುಕೊಂಡವರಿಗೆ ಬೇರೆಯೇ ಒಂದು ಬಹುಮಾನ.

ಆಸ್ಟ್ರೇಲಿಯಾದಲ್ಲಿ ಈ ಪದ್ಧತಿಗೆ ಆಳವಾದ ಬೇರಿದೆ. ನೀವಿರುವ ವಿಕ್ಟೋರಿಯಾ ರಾಜ್ಯದ ಮೆಲ್ಬರ್ನ್–ವಾರ್ನಂಬೂಲ್ ರೇಸ್ 1895ರಲ್ಲಿ ಶುರುವಾಯಿತು, ನೂರು ವರ್ಷ ಹ್ಯಾಂಡಿಕ್ಯಾಪ್ ಆಗಿಯೇ ನಡೆಯಿತು. ಎಲ್ಲರೂ ಒಟ್ಟಿಗೆ ಹೊರಡುವ ಕ್ರಮ ಬಂದದ್ದು 1996ರಲ್ಲಿ. ಆ ದೇಶದ ಸೈಕಲ್ ದಂತಕಥೆ ಹ್ಯೂಬರ್ಟ್ ಆಪರ್‌ಮನ್ 1924, 1926 ಮತ್ತು 1929ರಲ್ಲಿ ಅಲ್ಲಿ ಅತಿ ವೇಗದ ಸಮಯಕ್ಕೆ ಕೊಡುವ ಬ್ಲೂ ರಿಬಂಡ್ ಗೌರವ ಪಡೆದರು. ಅತಿ ವೇಗದವನೇ ಮೊದಲು ಗೆರೆ ದಾಟಬೇಕೆಂಬ ನಿಯಮ ಹ್ಯಾಂಡಿಕ್ಯಾಪಿನಲ್ಲಿ ಇಲ್ಲ. ಡಿ ಗ್ರೇಡಿನ ನಿಮಗೆ ಆಶೆ ಇರುವುದೂ ಈ ಕಾರಣಕ್ಕೇ.

ಮೊದಲು ನಿಮಗೆ ಸಿಕ್ಕ 22 ನಿಮಿಷದ ಬೆಲೆ ತಿಳಿದುಕೊಳ್ಳಿ. ನಿಮ್ಮ ಗುಂಪು ಗಂಟೆಗೆ ಸರಾಸರಿ 29 ಕಿ.ಮೀ. ವೇಗದಲ್ಲಿ ಹೋದರೆ 60 ಕಿ.ಮೀ. ಮುಗಿಸಲು 2 ಗಂಟೆ 4 ನಿಮಿಷ ಬೇಕು. ನಿಮ್ಮನ್ನು ಗೆರೆಯ ಬಳಿ ಹಿಡಿಯಬೇಕಾದರೆ ಸ್ಕ್ರ್ಯಾಚ್‌ನವರು 1 ಗಂಟೆ 42 ನಿಮಿಷದಲ್ಲಿ ಮುಗಿಸಬೇಕು, ಅಂದರೆ ಆ ಬೆಟ್ಟವನ್ನೂ ಸೇರಿಸಿ ಸರಾಸರಿ 35 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು. ಒಳ್ಳೆಯ ಎ ಗ್ರೇಡ್‌ನವರು ಒಗ್ಗಟ್ಟಾಗಿ ತುಳಿದರೆ ಅದು ಸಾಧ್ಯ, ಆದರೆ ಸಲೀಸಲ್ಲ. ನಿಮ್ಮ ಗುಂಪು 30ಕ್ಕೆ ಏರಿಸಿದರೆ ಅವರು 36.7 ಮಾಡಬೇಕಾಗುತ್ತದೆ. ನೀವು ಗಂಟೆಗೆ ಒಂದು ಕಿ.ಮೀ. ವೇಗ ಹೆಚ್ಚಿಸಿದರೆ ಅವರು ಸುಮಾರು ಒಂದೂವರೆ ಹೆಚ್ಚಿಸಬೇಕು. ಮುಂದಿರುವವರಿಗೆ ಇರುವ ಅನುಕೂಲ ಇದು.

ಈಗ ಬೆಟ್ಟದ ವಿಷಯ. ನೀವು, ಸೈಕಲ್, ಎರಡು ನೀರಿನ ಬಾಟಲಿ ಎಲ್ಲ ಸೇರಿ 80 ಕೆ.ಜಿ. ಎಂದುಕೊಳ್ಳೋಣ. ಏರು ಎಷ್ಟು ಕಡಿದಾಗಿದೆ ಎಂದು ನೀವು ಹೇಳಿಲ್ಲ. ಡ್ಯಾಂಡಿನಾಂಗ್ ಬೆಟ್ಟಗಳಲ್ಲಿ ‘ಒನ್ ಇನ್ ಟ್ವೆಂಟಿ’ ಎಂದೇ ಹೆಸರಾದ ರಸ್ತೆ ಇದೆಯಲ್ಲ, ಅಂಥದ್ದೇ ಎಂದು, ನೂರಕ್ಕೆ ಐದರ ಏರು, ಅಂದರೆ ನೂರು ಮೀಟರಿಗೆ ಐದು ಮೀಟರ್ ಮೇಲೇರುವಂಥದ್ದು ಎಂದು ಇಟ್ಟುಕೊಳ್ಳುತ್ತೇನೆ. ಗಾಳಿ ಇಲ್ಲ, ರಸ್ತೆ ನುಣುಪು. ಅಂಥ ಏರಿನಲ್ಲಿ ಗಂಟೆಗೆ 15 ಕಿ.ಮೀ. ಹೋಗಲು ಸುಮಾರು 190 ವ್ಯಾಟ್ ಬೇಕು. ಅದರಲ್ಲಿ 160ಕ್ಕೂ ಹೆಚ್ಚು ಬರೀ ಭಾರ ಎತ್ತುವುದಕ್ಕೇ ಹೋಗುತ್ತದೆ, ಗಾಳಿಯನ್ನು ಸೀಳುವುದಕ್ಕೆ 15 ವ್ಯಾಟ್ ಮಾತ್ರ. ಆದ್ದರಿಂದಲೇ ಏರಿನಲ್ಲಿ ಇನ್ನೊಬ್ಬರ ಬೆನ್ನ ಹಿಂದೆ ಅಡಗಿದರೂ ಹೆಚ್ಚು ಲಾಭವಿಲ್ಲ. ಸಮತಟ್ಟಿನಲ್ಲಿ ಲೆಕ್ಕ ತಲೆಕೆಳಗಾಗುತ್ತದೆ: ಗಂಟೆಗೆ 36 ಕಿ.ಮೀ. ಹೋಗಲು ಬೇಕಾದ 240 ವ್ಯಾಟ್‌ನಲ್ಲಿ 210 ಗಾಳಿಗೇ ಹೋಗುತ್ತದೆ. ಇಲ್ಲಿ ಒಬ್ಬರ ಹಿಂದೆ ಒಬ್ಬರು ಅಂಟಿಕೊಂಡರೆ ಗಾಳಿಯ ಪಾಲಿನಲ್ಲಿ ಮೂರನೇ ಒಂದು ಭಾಗ ಉಳಿಯುತ್ತದೆ.

ನಿಮ್ಮ ಗುಂಪು 15ರ ವೇಗದಲ್ಲಿ ಹತ್ತಿದರೆ 6 ಕಿ.ಮೀ.ಗೆ 24 ನಿಮಿಷ. ನೀವೊಬ್ಬರೇ ಮಿತಿ ಮುಟ್ಟಿ, 210–215 ವ್ಯಾಟ್ ಎಳೆದು 16.5ರಲ್ಲಿ ಹತ್ತಿದಿರಿ ಎನ್ನಿ, ಸುಮಾರು 22 ನಿಮಿಷ. ತುದಿಯಲ್ಲಿ ಗುಂಪಿಗಿಂತ ಎರಡು ನಿಮಿಷ ಮುಂದೆ. ಹಿಂತಿರುಗಿ ನೋಡಿದರೆ ಯಾರೂ ಕಾಣುವುದಿಲ್ಲ, ಎದೆ ಉಬ್ಬುತ್ತದೆ. ಆದರೆ ಇನ್ನೂ 20 ಕಿ.ಮೀ. ಬಯಲು ಬಾಕಿ ಇದೆ.

ಆ ಬಯಲಿನಲ್ಲಿ ಪ್ರತಿಯೊಬ್ಬರೂ ಸರಾಸರಿ 200 ವ್ಯಾಟ್ ಕೊಡುತ್ತಾರೆ ಎಂದು ಲೆಕ್ಕ ಹಾಕಿದರೆ, ಒಂಟಿ ಸವಾರ ಗಂಟೆಗೆ 33.5 ಕಿ.ಮೀ. ಹೋಗಿ ಸುಮಾರು 36 ನಿಮಿಷ ತೆಗೆದುಕೊಳ್ಳುತ್ತಾನೆ. ಇಬ್ಬರು ಸರದಿಯಲ್ಲಿ ಮುಂದೆ ಬಂದು ಗಾಳಿ ಸೀಳುತ್ತಾ ಎಳೆದರೆ 35.5 ಕಿ.ಮೀ. ವೇಗ, 34 ನಿಮಿಷಕ್ಕಿಂತ ಸ್ವಲ್ಪ ಕಡಿಮೆ. ಮೂವರಾದರೆ 33 ನಿಮಿಷ. ನಾಲ್ವರಾದರೆ 32 ನಿಮಿಷ 40 ಸೆಕೆಂಡ್. ಇನ್ನೊಂದು ವಿಷಯ: ಏರಿನಲ್ಲಿ ಮಿತಿ ಮುಟ್ಟಿ ಬಂದ ನೀವು ಆಮೇಲೆ ಒಬ್ಬರೇ 200 ವ್ಯಾಟ್ ಹಿಡಿದಿಡುವುದು ಕಷ್ಟ. 185ಕ್ಕೆ ಇಳಿದಿರೋ, ನಿಮ್ಮ ಸಮಯ 37 ನಿಮಿಷದ ಹತ್ತಿರ ಹೋಗುತ್ತದೆ. ಬೆಟ್ಟದಲ್ಲಿ ಗಳಿಸಿದ್ದು ಎರಡು ನಿಮಿಷ, ಬಯಲಲ್ಲಿ ಕಳೆದದ್ದು ಮೂರರಿಂದ ನಾಲ್ಕು. ನೀವು ಬಿಟ್ಟುಹೋದ ಅದೇ ನಾಲ್ವರು ಮಾತಾಡಿಕೊಂಡು ಬಂದು ನಿಮ್ಮನ್ನು ಹಿಡಿಯುತ್ತಾರೆ, ಆಗ ಕೊನೆಯ ಏರಿಗೆ ನಿಮ್ಮ ಕಾಲಲ್ಲಿ ಏನೂ ಉಳಿದಿರುವುದಿಲ್ಲ.

ಆ ಅಂಕಿಗಳನ್ನು ಇನ್ನೊಮ್ಮೆ ನೋಡಿ. ಒಂಟಿಯಾಗಿದ್ದವನಿಗೆ ಮೊದಲ ಜೊತೆಗಾರ ಸಿಕ್ಕಾಗ ಉಳಿಯುವುದು ಎರಡು ನಿಮಿಷ. ಎರಡನೆಯವನು ಬಂದಾಗ ಸುಮಾರು 45 ಸೆಕೆಂಡ್. ಮೂರನೆಯವನಿಂದ ಅರ್ಧ ನಿಮಿಷಕ್ಕಿಂತ ಕಡಿಮೆ. ಅಂದರೆ ನಿಮ್ಮ ಗುಂಪಿನಲ್ಲಿ ಏರಿಗೆ ನಿಮಗೆ ಹತ್ತಿರದಲ್ಲಿರುವವರು ಯಾರು ಎಂದು ಮೊದಲೇ ಗುರುತಿಸಿಕೊಳ್ಳಿ. ಅವರಿಗೆ ತಕ್ಕ ವೇಗದಲ್ಲಿ, ಸುಮಾರು 200 ವ್ಯಾಟ್ ಒಳಗೆ ಹತ್ತಿ. ತುದಿಗೆ ಬಂದಾಗ ಒಬ್ಬರಾದರೂ, ಸಾಧ್ಯವಾದರೆ ಇಬ್ಬರು ಜೊತೆಗಿರಬೇಕು. ಅರ್ಧ ನಿಮಿಷ, ಮುಕ್ಕಾಲು ನಿಮಿಷ ಹಿಂದಿದ್ದರೆ ಕಾಯಿರಿ. ಕಾಯುವುದೆಂದರೆ ನಿಲ್ಲುವುದಲ್ಲ, ಹಗುರವಾಗಿ ತುಳಿಯುತ್ತಾ ನೀರು ಕುಡಿಯಿರಿ, ಜೇಬಿನಲ್ಲಿರುವ ಖರ್ಜೂರ ಬಾಯಿಗೆ ಹಾಕಿ. ಎರಡು ನಿಮಿಷ ಹಿಂದೆ ಬಿದ್ದವರಿಗೆ ಕಾಯಬೇಡಿ. ಇದು ನಿರ್ದಯ ಅನಿಸಬಹುದು, ಆದರೆ ಅವರಿಗೂ ಹಿಂದಿನಿಂದ ಇನ್ನೊಂದು ಗುಂಪು ಬರುತ್ತಿದೆ, ಅದಕ್ಕೆ ಅಂಟಿಕೊಳ್ಳುತ್ತಾರೆ.

ನಂದಿಯ ಅಭ್ಯಾಸ ನಿಮಗೆ ಅಡ್ಡ ಬರುವುದು ಇಲ್ಲೇ. ಬೆಂಗಳೂರಿನ ಬಹುತೇಕ ಸವಾರರು ನಂದಿಯನ್ನು ಹತ್ತುವುದು ಗಡಿಯಾರದ ಜೊತೆ ಪಂತ ಕಟ್ಟಿ. ಬುಡದ ಗೇಟಿನಲ್ಲಿ ಶುರು, ತುದಿಯ ಗೇಟಿನಲ್ಲಿ ಮುಕ್ತಾಯ, ಆಮೇಲೆ ಚಹಾ. ತುದಿ ತಲುಪುವಾಗ ಖಾಲಿಯಾಗಿರುವುದೇ ಅಲ್ಲಿನ ಗುರಿ. ನಿಮ್ಮ ರೇಸಿನಲ್ಲಿ ತುದಿ ಎಂಬುದು ಅರ್ಧ ದಾರಿಯಿಂದ ಸ್ವಲ್ಪ ಮುಂದೆ, ಅಷ್ಟೇ. ದೊಡ್ಡ ಏರು ಗೆರೆಯ ಬಳಿಯೇ ಮುಗಿಯುವಂತಿದ್ದರೆ, ಉದಾಹರಣೆಗೆ ಡೋನಾ ಬುವಾಂಗ್ ಬೆಟ್ಟದ ಮೇಲೆಯೇ ಗೆರೆ ಎಳೆದಿದ್ದರೆ, ನನ್ನ ಉತ್ತರ ಪೂರ್ತಿ ಬೇರೆ: ಬುಡದವರೆಗೆ ಗುಂಪಿನ ಜೊತೆ ಹೋಗಿ, ಅಲ್ಲಿಂದ ಯಾರ ಮುಖವನ್ನೂ ನೋಡದೆ ಹತ್ತಿ ಎನ್ನುತ್ತಿದ್ದೆ.

ಇಷ್ಟೆಲ್ಲ ನಡೆಯಬೇಕಾದರೆ ಹೊರಡುವ ಮೊದಲೇ ನಿಮ್ಮ ಗುಂಪಿನವರ ಹತ್ತಿರ ಮಾತಾಡಬೇಕು. ಗೆರೆಯ ಬಳಿ ನಿಂತು ಕಾಯುವಾಗ ಐದು ನಿಮಿಷ ಸಿಕ್ಕೇ ಸಿಗುತ್ತದೆ. ನಮ್ಮವರಿಗೆ ಅಪರಿಚಿತರ ಹತ್ತಿರ ಹೀಗೆ ಮಾತು ತೆಗೆಯಲು ಸಂಕೋಚ, ಅದನ್ನು ಮನೆಯಲ್ಲೇ ಬಿಟ್ಟು ಬನ್ನಿ. ಮೊದಲ ಐದು ಕಿ.ಮೀ. ಯಾರೂ ಜೋರು ಮಾಡಬಾರದು, ಸರದಿ ಸಣ್ಣದಿರಬೇಕು, ಏರಿನಲ್ಲಿ ಇಷ್ಟು ವೇಗ, ತುದಿಯಲ್ಲಿ ಒಂದಾಗೋಣ: ಇಷ್ಟು ಹೇಳಿಕೊಂಡರೆ ಸಾಕು. ಹಳ್ಳಿಯ ಮುಯ್ಯಾಳಿನ ಲೆಕ್ಕವೇ ಇದು, ಇವತ್ತು ನಿನ್ನ ಗದ್ದೆ, ನಾಳೆ ನನ್ನದು. ಕೊನೆಯ ಕಿಲೋಮೀಟರಿನಲ್ಲಿ ಪರಸ್ಪರ ಎದುರಾಳಿಗಳಾಗುವವರು ಅಲ್ಲಿಯವರೆಗೆ ಒಬ್ಬರಿಗೊಬ್ಬರು ಆಳಾಗಿ ದುಡಿಯಬೇಕು.

ಸರದಿಯಲ್ಲಿ ಎಳೆಯುವ ವಿಷಯಕ್ಕೆ ಬಂದರೆ, ಡಿ ಗ್ರೇಡಿನಲ್ಲಿ ಸಾಮಾನ್ಯವಾಗಿ ಕಾಣುವ ತಪ್ಪೊಂದಿದೆ. ಮುಂದೆ ಬಂದವರು ತಮ್ಮ ಶಕ್ತಿ ತೋರಿಸಲು ವೇಗ ಹೆಚ್ಚಿಸುತ್ತಾರೆ. ಆಗ ತಾನೇ ಎಳೆದು ಪಕ್ಕಕ್ಕೆ ಸರಿದವರು ಸಾಲಿನ ಬಾಲ ಹಿಡಿಯಲಾಗದೆ ಉಳಿದುಬಿಡುತ್ತಾರೆ. ಮುಂದೆ ಬಂದಾಗ ವೇಗ ಬದಲಾಗಲೇಬಾರದು. ಸ್ಪೀಡೋಮೀಟರ್ 35 ತೋರಿಸುತ್ತಿದ್ದರೆ 35ರಲ್ಲೇ ಇರಿ. ನಿಮ್ಮ ಹಿಂಚಕ್ರ ಹಿಂದೆ ಸರಿಯುತ್ತಿರುವವರ ಮುಂಚಕ್ರವನ್ನು ದಾಟಿದ ಮೇಲೆ ಅವರ ಮುಂದಕ್ಕೆ ಸರಿದು, ತುಳಿತವನ್ನು ಒಂದು ಗುಲಗಂಜಿಯಷ್ಟು ಹಗುರ ಮಾಡಿ. ಗಾಳಿ ಬಲಗಡೆಯಿಂದ ಬೀಸುತ್ತಿದ್ದರೆ ಎಳೆದು ಮುಗಿಸಿ ಹಿಂದೆ ಸರಿಯುವವರ ಸಾಲು ಬಲಕ್ಕಿರಬೇಕು, ಎಡದಿಂದಾದರೆ ಎಡಕ್ಕೆ. ಐವರಲ್ಲಿ ಒಬ್ಬರಿಗೆ ಕಾಲು ಸೋತಿದ್ದರೆ ಅವರನ್ನು ಬಲವಂತವಾಗಿ ಮುಂದೆ ತರಬೇಡಿ, ಹಿಂದೆಯೇ ಕುಳಿತು ಬರಲಿ, ಸಾಲಿಗೆ ಮರಳುವವರಿಗೆ ಜಾಗ ಬಿಡಲಿ.

ಮೊದಲ 30 ಕಿ.ಮೀ. ಬಗ್ಗೆ ಒಂದು ಎಚ್ಚರಿಕೆ. ಮುಂದಿನ ಗುಂಪು ನಿಮಗಿಂತ ಆರು ನಿಮಿಷ ಮುಂದಿದೆ. ನೇರ ರಸ್ತೆಯಲ್ಲಿ ಅವರ ಜಾಕೆಟ್ಟಿನ ಬಣ್ಣ ಕಂಡ ಕೂಡಲೇ ಅಟ್ಟಿಸಿಕೊಂಡು ಹೋಗುವ ಚಪಲ ಹುಟ್ಟುತ್ತದೆ. ಹ್ಯಾಂಡಿಕ್ಯಾಪರ್ ಲೆಕ್ಕದ ಪ್ರಕಾರ ಆ ಆರು ನಿಮಿಷ ಕರಗಬೇಕಾದದ್ದು 60 ಕಿ.ಮೀ.ಯಲ್ಲಿ, ಮೊದಲ ಹದಿನೈದರಲ್ಲಲ್ಲ. ಅರ್ಧ ದಾರಿಯಲ್ಲಿ ಅವರು ಇನ್ನೂ ಮೂರು ನಿಮಿಷ ಮುಂದಿದ್ದರೆ ಎಲ್ಲವೂ ಸರಿಯಾಗಿಯೇ ನಡೆಯುತ್ತಿದೆ ಎಂದರ್ಥ. ಬೆಟ್ಟದಲ್ಲಿ ಅವರು ಚದುರುತ್ತಾರೆ, ಬಯಲಲ್ಲಿ ಒಬ್ಬೊಬ್ಬರಾಗಿ ಸಿಗುತ್ತಾರೆ. ಅವರಲ್ಲಿ ಕಾಲಲ್ಲಿ ಇನ್ನೂ ಶಕ್ತಿ ಉಳಿದವರನ್ನು ನಿಮ್ಮ ಸರದಿಗೆ ಸೇರಿಸಿಕೊಳ್ಳಿ.

ಸಣ್ಣ ದಿಬ್ಬಗಳಲ್ಲಿ ಗುಂಪು ಒಡೆಯುವುದು ಏರುವಾಗಲ್ಲ, ತುದಿ ದಾಟುವಾಗ. ಮುಂದಿನವನು ದಿಬ್ಬ ದಾಟಿ ಇಳಿಜಾರಿನ ವೇಗ ಹಿಡಿಯುತ್ತಾನೆ, ಕೊನೆಯವನು ಇನ್ನೂ ಏರುತ್ತಿರುತ್ತಾನೆ. ಕಣ್ಣು ಮಿಟುಕಿಸುವಷ್ಟರಲ್ಲಿ ಇಪ್ಪತ್ತು ಮೀಟರ್ ಅಂತರ. ಅದನ್ನು ಮುಚ್ಚಲು ಹಿಂದಿನವನು ಪ್ರತಿ ದಿಬ್ಬದಲ್ಲೂ ಓಡಬೇಕು, ನಾಲ್ಕೈದು ದಿಬ್ಬವಾದ ಮೇಲೆ ಅವನ ಕಥೆ ಮುಗಿಯುತ್ತದೆ. ಮುಂದಿದ್ದರೆ ತುದಿ ದಾಟಿದ ಮೇಲೆ ಕೊನೆಯವನು ಬರುವವರೆಗೆ ವೇಗ ಹೆಚ್ಚಿಸಬೇಡಿ. ಹಿಂದಿದ್ದರೆ ದಿಬ್ಬದ ಕೊನೆಯ ಹತ್ತು ಮೀಟರಿನಲ್ಲಿ ತುಳಿತ ಸಡಿಲಿಸಬೇಡಿ.

ಗೇರ್ ವಿಷಯ ಬೇಗ ಮುಗಿಸುತ್ತೇನೆ. ಮುಂದೆ 34 ಹಲ್ಲು, ಹಿಂದೆ 32 ಇದ್ದರೆ ನಿಮಿಷಕ್ಕೆ 70 ಸುತ್ತು ತುಳಿದಾಗ ಗಂಟೆಗೆ ಸುಮಾರು 9.4 ಕಿ.ಮೀ. ವೇಗ. ನೂರಕ್ಕೆ ಹತ್ತರ ಏರಿನಲ್ಲಿ ಆ ವೇಗಕ್ಕೆ ಸರಿಸುಮಾರು 210 ವ್ಯಾಟ್ ಬೇಕು, ನಿಮ್ಮ ಮಿತಿಯೂ ಅದೇ. ಅಷ್ಟು ಕಡಿದಾದ ತುಣುಕು ದಾರಿಯಲ್ಲಿದ್ದರೆ ಹಿಂದೆ 32ಕ್ಕಿಂತ ಚಿಕ್ಕದು ಬೇಡ. ಏರು ಶುರುವಾಗುವ ಮೊದಲೇ ಮುಂದಿನ ಚಿಕ್ಕ ಚಕ್ರಕ್ಕೆ ಬದಲಿಸಿಬಿಡಿ. ಭಾರ ಬಿದ್ದಮೇಲೆ ಬದಲಿಸಲು ಹೋಗಿ ಚೈನ್ ಬಿದ್ದರೆ ಆ ದಿನಕ್ಕೆ ಸಾಕು.

ಇಳಿಜಾರಿನಲ್ಲಿ ಧೈರ್ಯ ತೋರಿಸಬೇಕಾದ ಅಗತ್ಯವೇ ಇಲ್ಲ. ಮೂರು ಕಿ.ಮೀ. ಇಳಿಜಾರಿನಲ್ಲಿ ಅತಿ ಸಾಹಸದಿಂದ ಉಳಿಯುವುದು ಕೆಲವು ಸೆಕೆಂಡ್. ವಿಕ್ಟೋರಿಯಾದ ಬೆಟ್ಟದ ರಸ್ತೆಗಳಲ್ಲಿ ನೀಲಗಿರಿ ಮರಗಳ ಸಿಪ್ಪೆ, ಎಲೆ ಬಿದ್ದಿರುತ್ತವೆ, ಚಳಿಗಾಲದ ಬೆಳಿಗ್ಗೆ ನೆರಳಿನ ತಿರುವುಗಳು ಮಧ್ಯಾಹ್ನದವರೆಗೂ ಒಣಗುವುದಿಲ್ಲ. ಬ್ರೇಕ್ ತಿರುವಿಗೆ ಮೊದಲೇ ಮುಗಿದಿರಬೇಕು, ಕಣ್ಣು ತಿರುವಿನ ಆಚೆಗಿರಬೇಕು. ಕ್ಲಬ್ ರೇಸುಗಳು ಬಹುಮಟ್ಟಿಗೆ ವಾಹನ ಸಂಚಾರವಿರುವ ರಸ್ತೆಯಲ್ಲೇ ನಡೆಯುತ್ತವೆ, ಮಧ್ಯದ ಬಿಳಿಗೆರೆ ದಾಟಿದರೆ ರೇಸಿನಿಂದ ಹೊರಗೆ ಹಾಕುತ್ತಾರೆ. ಹೊರಗೆ ಹಾಕುವುದೇ ಅಲ್ಲಿ ಆಗಬಹುದಾದ ಅತಿ ಸಣ್ಣ ನಷ್ಟ. (ರೇಸ್ ಸೆಪ್ಟೆಂಬರಿನಲ್ಲಿದ್ದರೆ ಮ್ಯಾಗ್‌ಪೈ ಹಕ್ಕಿ ಹೆಲ್ಮೆಟ್ಟಿಗೆ ಕುಟುಕಲು ಬರುತ್ತದೆ. ಬರಲಿ ಬಿಡಿ, ಹ್ಯಾಂಡಲ್ ಮಾತ್ರ ಅಲುಗಿಸಬೇಡಿ.)

ಇನ್ನು ನಿಮ್ಮ ಎರಡನೇ ಪ್ರಶ್ನೆ, ಹಿಂದಿನವರು ಹಿಡಿದಾಗ ಏನು ಮಾಡಬೇಕು. ಉತ್ತರ ಎಲ್ಲಿ ಹಿಡಿದರು ಎಂಬುದರ ಮೇಲಿದೆ.

ಬಯಲಲ್ಲಿ ಸ್ಕ್ರ್ಯಾಚ್ ಗುಂಪು 42ರ ವೇಗದಲ್ಲಿ ಬಂತು ಎನ್ನಿ, ನೀವು 36ರಲ್ಲಿದ್ದೀರಿ. ಅವರ ಸಾಲು ನಿಮ್ಮನ್ನು ದಾಟಲು ಹತ್ತು ಸೆಕೆಂಡ್ ಸಾಕು. ದಾಟಿದ ಮೇಲೆ ವೇಗ ಹಿಡಿಯಲು ಹೊರಟರೆ ಬಸ್ಸು ಹೋದಂತೆಯೇ. ಆಗಾಗ ಹಿಂತಿರುಗಿ ನೋಡುತ್ತಿರಿ, ನೂರು ಮೀಟರ್ ದೂರದಲ್ಲಿರುವಾಗಲೇ ತುಳಿತ ಜೋರು ಮಾಡಿ, ಅವರ ಬಾಲ ನಿಮ್ಮ ಪಕ್ಕ ಬರುವಾಗ ನಿಮ್ಮ ವೇಗ ಅವರದ್ದಕ್ಕೆ ಸಮವಾಗಿರಬೇಕು. ಅಡ್ಡ ಹೋಗಬೇಡಿ, ಎಡಕ್ಕಿರಿ, ಅವರ ಕೊನೆಯವನ ಚಕ್ರದ ಹಿಂದೆ ಅಂಟಿಕೊಳ್ಳಿ. ಆ ವೇಗದಲ್ಲಿ ಮುಂದೆ ಎಳೆಯುವವನಿಗೆ 370 ವ್ಯಾಟ್ ಬೇಕು, ಗುಂಪಿನೊಳಗೆ ಅಡಗಿದವನಿಗೆ 240–260. ನಿಮ್ಮ ಮಿತಿಗಿಂತ ಹೆಚ್ಚೇ, ಆದರೂ ಕೆಲವು ನಿಮಿಷ ಹಲ್ಲು ಕಚ್ಚಿ ಉಳಿಯಬಹುದು. ಅಷ್ಟರಲ್ಲಿ ಅವರು ಒಂದು ತಿರುವಿಗೋ ಇಳಿಜಾರಿಗೋ ಬಂದರೆ ಉಸಿರು ಸಿಗುತ್ತದೆ. ಆ ಗುಂಪಿನಲ್ಲಿ ಶಿಷ್ಟಾಚಾರಕ್ಕೆಂದು ಮುಂದೆ ಹೋಗಿ ಎಳೆಯಬೇಡಿ. ಮುಂದೆ ಬಂದು ವೇಗ ಕುಗ್ಗಿಸುವವನ ಮೇಲೆ ಅವರಿಗೆ ಸಿಟ್ಟು ಬರುತ್ತದೆ, ಹಿಂದೆ ಸುಮ್ಮನೆ ಕುಳಿತು ಜಾಗ ಬಿಡುವವನ ಮೇಲೆ ಬರುವುದಿಲ್ಲ.

ಏರಿನಲ್ಲಿ ಹಿಡಿದರೆ ಸಂಗತಿ ಬೇರೆ. ನೂರಕ್ಕೆ ಐದರ ಏರಿನಲ್ಲಿ ಅವರು 22ರ ವೇಗದಲ್ಲಿ ಹೋಗುತ್ತಿದ್ದರೆ ಹಿಂದೆ ಅಂಟಿಕೊಂಡರೂ ನಿಮಗೆ 290 ವ್ಯಾಟ್ ಬೇಕು. ಪ್ರಯತ್ನವನ್ನೇ ಮಾಡಬೇಡಿ, ಎರಡು ನಿಮಿಷದಲ್ಲಿ ಸುಟ್ಟುಹೋಗುತ್ತೀರಿ. ನಡುವಿನ ಯಾವುದಾದರೂ ಗುಂಪು, 8–10 ನಿಮಿಷ ಸಿಕ್ಕವರು, ಏರಿನ ತುದಿಯ ಹತ್ತಿರ ಸಿಕ್ಕರೆ ಮಾತ್ರ ಒಂದು ಉಪಾಯವಿದೆ. ಅವರು ಬರುವುದು ಕಂಡಾಗ ನಿಮ್ಮ ವೇಗದಲ್ಲೇ ಇರಿ, ಅವರ ಮುಂದಿನವನು ದಾಟಲಿ, ಒಬ್ಬೊಬ್ಬರಾಗಿ ಎಲ್ಲರೂ ನಿಧಾನಕ್ಕೆ ದಾಟಲಿ. ಗುಂಪು ಉದ್ದವಿದ್ದು ತುದಿ ಹತ್ತಿರವಿದ್ದರೆ ಅವರ ಕೊನೆಯವನು ನಿಮ್ಮ ಪಕ್ಕ ಬರುವ ಹೊತ್ತಿಗೆ ಇಳಿಜಾರು ಶುರುವಾಗಿರುತ್ತದೆ. ನಿಮ್ಮದೇ ಗುಂಪಿನಲ್ಲಿ ಏರಿಗೆ ದುರ್ಬಲರಾದವರಿಗೂ ಇದೇ ಹೇಳಿಕೊಡಿ: ಬುಡದಲ್ಲಿ ಮುಂದಿರಿ, ತುದಿಗೆ ಬರುವಾಗ ಹಿಂದಿರಿ, ಆದರೆ ಸಾಲಿನೊಳಗೇ ಇರಿ.

ಆದ್ದರಿಂದ ದೊಡ್ಡ ಏರಿನ ತುದಿಯನ್ನು ಸ್ಕ್ರ್ಯಾಚ್‌ಗಿಂತ ಮೊದಲು ದಾಟುವುದು ನಿಮ್ಮ ರೇಸಿನ ನಿಜವಾದ ಗುರಿ. ಲೆಕ್ಕದ ಪ್ರಕಾರ ನಡೆದರೆ ಆಗ ನಿಮಗಿನ್ನೂ ಏಳೆಂಟು ನಿಮಿಷವಾದರೂ ಕೈಯಲ್ಲಿರಬೇಕು. ದಾರಿಯಲ್ಲಿ ನಿಂತ ಕ್ಲಬ್ಬಿನ ಸ್ವಯಂಸೇವಕರು ಅಂತರ ಕೂಗಿ ಹೇಳಿದರೆ ಕಿವಿಗೊಡಿ.

ಊಟದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಎರಡು ಗಂಟೆಯ ಇಂಥ ರೇಸಿಗೆ ಗಂಟೆಗೆ 60 ಗ್ರಾಂ ಸಕ್ಕರೆ–ಪಿಷ್ಟ ಬೇಕು. ಒಂದು ಬಾಳೆಹಣ್ಣಿನಲ್ಲಿ 25 ಗ್ರಾಂ ಸಿಗುತ್ತದೆ, ಉಳಿದದ್ದನ್ನು ಬಾಟಲಿಯ ಸಿಹಿನೀರು, ಖರ್ಜೂರ ತುಂಬುತ್ತವೆ. ತಿನ್ನುವುದು ಏರಿನ ಬುಡಕ್ಕೆ ಹತ್ತು ನಿಮಿಷ ಮೊದಲು, ಸಾಲಿನ ಹಿಂದೆ ಇರುವಾಗ. ಏರಿನಲ್ಲಿ ಅಗಿಯಲು ಹೋದರೆ ಉಸಿರಿಗೆ ಜಾಗವಿರುವುದಿಲ್ಲ. ಚಳಿಯ ಬೆಳಿಗ್ಗೆ ನೀರು ಬೇಡವೆನಿಸುತ್ತದೆ, ಆದರೂ ಗಂಟೆಗೆ ಅರ್ಧ ಲೀಟರ್ ಕುಡಿಯಿರಿ.

ಕೊನೆಯ ಒಂದು ಕಿಲೋಮೀಟರ್ ಏರು ನಿಮಗೆ ವರ. ಬಲಶಾಲಿಗಳು ಅಷ್ಟರೊಳಗೆ ಹಿಡಿದಿದ್ದರೆ ಅವರೊಂದಿಗೆ ಸೆಣಸುವ ಆಸೆ ಬಿಟ್ಟು, ನಿಮ್ಮ ಜೊತೆ ಬಂದವರಲ್ಲಿ ಮೊದಲಿಗರಾಗಲು ನೋಡಿ. ಹಿಡಿದಿರದಿದ್ದರೆ, ಜೊತೆಗೆ ಇಬ್ಬರೋ ಮೂವರೋ ಇದ್ದರೆ, ಮುಯ್ಯಾಳು ಮುಗಿಯುವುದು ಅಲ್ಲಿ. ಬುಡಕ್ಕೆ ಬರುವಾಗ ಸಾಲಿನಲ್ಲಿ ಎರಡನೆಯವರೋ ಮೂರನೆಯವರೋ ಆಗಿರಿ, ಮೊದಲ ಅರ್ಧ ಬೇರೆಯವರು ಎಳೆಯಲಿ. ಸುಮಾರು 400 ಮೀಟರ್ ಉಳಿದಾಗ, ಕುಳಿತಲ್ಲೇ, ಏಳದೆ, ಒಂದೇ ಸಮನೆ ಏರಿಸುತ್ತಾ ಹೋಗಿ. ಅಷ್ಟು ಹೊತ್ತಿಗೆ ಸುಮಾರು ಒಂದೂವರೆ ನಿಮಿಷದ ಕೆಲಸ ಬಾಕಿ, ಏರಿಗೆ ಬಲವಿರುವವನಿಗೆ ಅದು ಸರಿಯಾದ ಅಳತೆ. ನೂರು ಮೀಟರಿನವರೆಗೆ ಕಾದರೆ ಸ್ಪ್ರಿಂಟರ್‌ಗಳಿಗೆ ಅವಕಾಶ ಕೊಟ್ಟಂತೆ.

ಗೆದ್ದರೆ ಒಂದು ವಿಷಯ ನೆನಪಿರಲಿ, ಮುಂದಿನ ಬಾರಿ ಹ್ಯಾಂಡಿಕ್ಯಾಪರ್ ನಿಮ್ಮ 22 ನಿಮಿಷದಲ್ಲಿ ಮೂರು ನಾಲ್ಕನ್ನಾದರೂ ಕತ್ತರಿಸುತ್ತಾರೆ. ಅದಕ್ಕೆ ಹೆದರಿ ಸಾಮಾನ್ಯ ರೇಸುಗಳಲ್ಲಿ ಬೇಕಂತಲೇ ಹಿಂದೆ ಬಿದ್ದು ನಿಮಿಷ ಕೂಡಿಡುವ ಮಹಾನುಭಾವರು ಎಲ್ಲ ಕ್ಲಬ್ಬಿನಲ್ಲೂ ಇರುತ್ತಾರೆ. ಹ್ಯಾಂಡಿಕ್ಯಾಪರ್‌ಗೆ ಅವರೆಲ್ಲರ ಹೆಸರೂ ಗೊತ್ತಿರುತ್ತದೆ.